ದೂರದವರಿಗೆ ಕೊಡುವುದು ದಾನವಲ್ಲ, ಋಣ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 11:19-30, ರೋಮಾಪುರದವರಿಗೆ 15:25-27, 1 ಕೊರಿಂಥದವರಿಗೆ 16:1-4

ಹೊರದೇಶದ ಬಡವರಿಗಾಗಿ ಕಾಣಿಕೆ ಎತ್ತುವ ಮಾತು ಬಂದಾಗ ಕೆಲವರು ಕೇಳಿದ್ರು: "ಪಾಸ್ಟರ್, ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತು ನಮ್ಮವರೇ ಕೆಲಸ ಕಳಕೊಂಡಿದ್ದಾರೆ. ಸಮುದ್ರದ ಆಚೆಯವರಿಗೆ ನಾವ್ಯಾಕೆ ಕೊಡಬೇಕು?" ನ್ಯಾಯವಾದ ಪ್ರಶ್ನೆ. ಉತ್ತರವನ್ನು ವಾಕ್ಯದಿಂದಲೇ ನೋಡೋಣ.

1. ಪಡೆದವರು ಸಾಲಗಾರರು

ಅಂತಿಯೋಕ್ಯಕ್ಕೆ ಸುವಾರ್ತೆ ಬಂದದ್ದು ಎಲ್ಲಿಂದ? ಯೆರೂಸಲೇಮಿನಿಂದ ಹಿಂಸೆಗೆ ಚದರಿಹೋದ ವಿಶ್ವಾಸಿಗಳಿಂದ. ಆಮೇಲೆ ಕ್ಲೌದ್ಯನ ಕಾಲದಲ್ಲಿ ಬರ ಬರುತ್ತದೆಂದು ಅಗಬನು ಪ್ರವಾದಿಸಿದಾಗ, ಅಂತಿಯೋಕ್ಯದವರು ಕೈಲಾದಷ್ಟು ಕೂಡಿಸಿ ಯೂದಾಯಕ್ಕೆ ಕಳುಹಿಸಿದರು. ಆ ಬಡವರ ಮುಖವನ್ನೂ ಅವರಲ್ಲಿ ಅನೇಕರು ಕಂಡಿರಲಿಕ್ಕಿಲ್ಲ. ಪೌಲನು ರೋಮಾಪುರದವರಿಗೆ ಬರೆಯುವಾಗ ಇಂಥ ಸಹಾಯವನ್ನು ಸಾಲ ಅಂತಲೇ ಎಣಿಸುತ್ತಾನೆ: ಆತ್ಮಿಕ ವಿಷಯಗಳಲ್ಲಿ ಪಾಲು ಪಡೆದವರು ಶರೀರದ ಅಗತ್ಯಗಳಲ್ಲಿ ಸೇವೆ ಮಾಡುವ ಹಂಗಿನಲ್ಲಿದ್ದಾರೆ.

ಈಗ ನಮ್ಮ ನಾಡಿನ ಲೆಕ್ಕ ತೆಗೀರಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಶಾಲೆ, ಮುದ್ರಣಾಲಯ, ಕೆಲಸ, ಎಷ್ಟೋ ಬಂತು. ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು?

2. ಕೊಟ್ಟವರೆಲ್ಲ ಶ್ರೀಮಂತರಲ್ಲ

ಶ್ರೀಮಂತ ವ್ಯಾಪಾರಿಗಳೂ ಕೊಟ್ಟರು, ನಿಜ. ಆದರೆ 1855ರಲ್ಲಿ ಬಾಸೆಲಿನಲ್ಲಿ 'ಅರ್ಧ ಬಾಟ್ಸನ್ ಕಾಣಿಕೆ' ಅಂತ ಒಂದು ಶುರುವಾಯಿತು. ಅರ್ಧ ಬಾಟ್ಸನ್ ಅಂದ್ರೆ ಚಿಲ್ಲರೆ ಕಾಸು. ವಾರಕ್ಕೆ ಅಷ್ಟೇ ಕೊಟ್ಟರೆ ಸಾಕು. ಸಾಮಾನ್ಯ ಜನರು, ಮನೆಗೆಲಸದವರು, ರೈತರು ಕೊಟ್ಟ ಈ ಕಾಸು ಸೇರಿ ಮಿಷನ್ನಿಗೆ ದೊಡ್ಡ ಆಧಾರವಾಯಿತು. ಮಿಷನರಿಗಳಲ್ಲಿ ಬಹಳ ಮಂದಿ ಬಂದ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯವೂ 1816-17ರಲ್ಲಿ ಭೀಕರ ಬರ ಕಂಡ ಊರೇ. ಹಸಿವು ಗೊತ್ತಿದ್ದವರೇ ಕೊಟ್ಟರು, ಪ್ರಿಯರೇ. ಮಕೆದೋನ್ಯದ ಸಭೆಗಳೂ ಹೀಗೇ ಕಡುಬಡತನದಲ್ಲಿ ಕೊಟ್ಟವು ಅಂತ 2 ಕೊರಿಂಥ 8ರಲ್ಲಿ ಓದುತ್ತೇವೆ.

ನಮ್ಮ ದೇಶದಲ್ಲೇ ಇನ್ನೊಂದು ಸಾಕ್ಷಿ ಇದೆ. ವೇಲ್ಸ್ ದೇಶದ ಮಿಷನರಿಗಳಿಂದ ಪಡೆದ ಮಿಜೋರಾಮಿನ ಸಭೆಯ ತಾಯಂದಿರು 1910ರಿಂದ, ಅಡಿಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ದೇವರಿಗೆ ಅಂತ ಎತ್ತಿಡುತ್ತಾ ಬಂದರು. ಆ ಹಿಡಿ ಅಕ್ಕಿ ಮಾರಿದ ಹಣ ಸೇವೆಗೆ ಹೋಗುತ್ತದೆ. ಪಡೆದವರು ಕೊಡುವವರಾಗಲು ಶ್ರೀಮಂತಿಕೆ ಬರುವ ತನಕ ಕಾಯಲಿಲ್ಲ.

3. ಹೇಗೆ ಕೊಡಬೇಕು

ಒಂದು, ಕ್ರಮವಾಗಿ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ವರಮಾನದ ಪ್ರಕಾರ ಎತ್ತಿಡಬೇಕೆಂದು ಪೌಲನು ಕಲಿಸಿದನು. ಕೂಟದಲ್ಲಿ ಕಣ್ಣೀರು ಬಂದ ದಿನ ಮಾತ್ರ ಕೊಡೋದಲ್ಲ.

ಎರಡು, ಲೆಕ್ಕದೊಂದಿಗೆ. ಯಾರೂ ಬೆರಳು ತೋರಿಸಬಾರದೆಂದು ಪೌಲನು ಹಣವನ್ನು ತಾನೊಬ್ಬನೇ ಒಯ್ಯದೆ ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡನು. ಅಪೊಸ್ತಲನಿಗೇ ಲೆಕ್ಕ ಬೇಕಿತ್ತು ಅಂದ ಮೇಲೆ ಪಾಸ್ಟರಿಗೆ ಬೇಡವೇ? ಹೊರದೇಶಕ್ಕೆ ಹಣ ಹೋಗಲು ಸರ್ಕಾರದ ನಿಯಮಗಳಿವೆ. ರಸೀದಿ ಕೊಡುವ, ನೋಂದಣಿಯಾದ ಸಂಸ್ಥೆಯ ಮೂಲಕವೇ ಹೋಗಲಿ. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ಯಾರೂ ಹಣ ಹಾಕಬೇಡಿ.

ಮೂರು, ಪಡೆಯುವವರ ಮಾನ ಉಳಿಸಿ. ಬಾಸೆಲ್ ಮಿಷನ್ನಿನವರು ಬರೀ ಅಕ್ಕಿ ಹಂಚಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕುಲದಿಂದ ಹೊರಗಾಗಿ ಜೀವನಕ್ಕೆ ದಾರಿಯಿಲ್ಲದವರು ದುಡಿದು ತಿಂದರು. ನಮ್ಮ ಮಲೆನಾಡಿನ ಹಳೇ ಮನೆಗಳ ಮೇಲೆ ಕಾಣುವ ಮಂಗಳೂರು ಹಂಚಿನ ಕಥೆ ಅಲ್ಲಿಂದಲೇ ಶುರು. ಆದರೆ ಒಂದು ಎಚ್ಚರಿಕೆ. ಅನ್ನವಾಗಲಿ ಕೆಲಸವಾಗಲಿ, ಅದನ್ನು ಗಾಳ ಮಾಡಬೇಡಿ. ಒಳ್ಳೇ ಸಮಾರ್ಯದವನು ಗಾಯಗೊಂಡವನನ್ನು "ನೀನು ಯಾವ ಜನ?" ಅಂತ ಕೇಳಲಿಲ್ಲ, ಛತ್ರದವನಿಗೆ ಕಾಸು ಕೊಟ್ಟು ಮುಂದೆ ಹೋದನು.

ಹಾಗಾದರೆ ಭದ್ರಾವತಿಯ ಸಹೋದರರ ಗತಿ? ಅವರನ್ನು ಬಿಟ್ಟು ದೂರ ಕೊಡಿ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಮನೆಯ ಹಸಿವು ಕಾಣದವನಿಗೆ ದೂರದ ಹಸಿವು ಹೇಗೆ ಕಂಡೀತು? ಆದರೆ ನಮ್ಮ ಕಷ್ಟ ಮುಗಿದ ಮೇಲೆ ಕೊಡ್ತೀವಿ ಅಂದ್ರೆ ಆ ದಿನ ಬರೋದೇ ಇಲ್ಲ. ಬಾಸೆಲಿನವರು ಹಾಗಂದಿದ್ದರೆ ಮಂಗಳೂರಿಗೆ ಯಾರು ಬರುತ್ತಿದ್ದರು?

ಈ ವಾರ ಮನೆಯಲ್ಲಿ ಎರಡು ಡಬ್ಬಿ ಇಡಿ, ಒಂದು ಹತ್ತಿರದವರಿಗೆ, ಒಂದು ದೂರದವರಿಗೆ. ಹತ್ತು ರೂಪಾಯಿಯೇ ಆಗಲಿ, ಮಕ್ಕಳ ಕೈಯಿಂದ ಹಾಕಿಸಿ. ಯಾರಿಂದ ನಾವು ಪಡೆದೆವು ಅನ್ನೋದನ್ನೂ ಅವರಿಗೆ ಹೇಳಿಕೊಡಿ.

ಪ್ರಾರ್ಥಿಸೋಣ. ತಂದೆಯೇ, ನಾವು ಕಾಣದವರ ಕೈಯಿಂದ ನಮ್ಮನ್ನು ಪೋಷಿಸಿದಿರಿ. ನಮ್ಮನ್ನು ಕಾಣದವರಿಗೂ ನಮ್ಮ ಕೈ ಚಾಚುವಂತೆ ಮಾಡಿರಿ. ಯೇಸುವಿನ ನಾಮದಲ್ಲಿ, ಆಮೆನ್.