ಜಗುಲಿ ಹತ್ತುವ ಮುನ್ನ

ತಮ್ಮಾ, ನೀನೂ ನಿನ್ನ ಗೆಳೆಯನೂ ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದು ಮುಗಿಸಿದಿರಿ. ಈಗ ನೌಕರಿಯ ಅರ್ಜಿ ಹಾಕುತ್ತ ಕೂರದೆ, ಊರವರ ಜಮೀನಿನಲ್ಲಿ ಮರ ಬೆಳೆಸಿಕೊಡುವ ಕೆಲಸಕ್ಕೆ ಇಳಿಯುತ್ತೀರಿ ಎಂದು ಕೇಳಿ ಖುಷಿಯಾಯಿತು. ಸಸಿ ಆರಿಸುವುದು, ಗುಂಡಿ ತೆಗೆಸುವುದು, ಟೊಂಗೆ ಸವರುವುದು, ಬೆಂಕಿ ರೇಖೆ ಹೊಡೆಸುವುದು, ಕಟಾವಿಗೆ ಪರವಾನಗಿ ತರುವುದು, ಇದೆಲ್ಲ ನಿಮಗೆ ಗೊತ್ತು. ಜಮೀನುದಾರರನ್ನು ಹುಡುಕುವುದು ಹೇಗೆ, ಮಾತಾಡಿಸುವುದು ಹೇಗೆ ಎಂದು ಕೇಳಿದೆ. ನರ್ಸರಿ, ಸೊಸೈಟಿ, ಮರದ ಲೆಕ್ಕ ಎಂದು ಈ ಸೀಮೆಯಲ್ಲೇ ತಲೆ ಬೆಳ್ಳಗಾದವನು ನಾನು. ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದಾಗಿ, ನಮ್ಮ ಜನಕ್ಕೆ ಮರದ ಆಸೆ ಇಲ್ಲ ಎಂದುಕೊಳ್ಳಬೇಡ. ಆಸೆ ಧಾರಾಳ ಇದೆ, ಅದರ ಎರಡರಷ್ಟು ಹೆದರಿಕೆ ಇದೆ. ಆ ಹೆದರಿಕೆ ಎಲ್ಲಿಂದ ಬಂತು ಎಂಬುದು ತಿಳಿಯದಿದ್ದರೆ ನೀನು ಎಷ್ಟು ಚೆಂದದ ಕರಪತ್ರ ಅಚ್ಚು ಹಾಕಿಸಿದರೂ ಅದು ಒಲೆಗೇ.

ಶ್ರೀಗಂಧವನ್ನೇ ನೋಡು. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷ ಎಂದು ಸಾರಿದ. ಅಲ್ಲಿಂದ ಎರಡು ಶತಮಾನ, ತನ್ನ ಹಿತ್ತಲಲ್ಲಿ ಹುಟ್ಟಿದ ಗಂಧದ ಗಿಡಕ್ಕೆ ರೈತ ಕಾವಲುಗಾರನಷ್ಟೇ ಆಗಿದ್ದ. ಕಳ್ಳತನವಾದರೆ ಉತ್ತರ ಹೇಳಬೇಕಾದವನೂ ಅವನೇ. ಹೀಗಾಗಿ ಹಕ್ಕಿ ಬೀಜ ಉದುರಿಸಿ ಎದ್ದ ಸಸಿಯನ್ನು ಯಾರೂ ಕಾಣದಂತೆ ಕಿತ್ತೆಸೆದವರು ಎಷ್ಟೋ ಮಂದಿ. 2001ರ ತಿದ್ದುಪಡಿ ಜಮೀನಿನ ಒಡೆಯನನ್ನೇ ಗಂಧದ ಒಡೆಯನನ್ನಾಗಿ ಮಾಡಿತು. ಆದರೆ ಅಜ್ಜ ಹೇಳಿದ ಮಾತು ಮೊಮ್ಮಗನ ಕಿವಿಯಲ್ಲಿ ಇನ್ನೂ ಇದೆ. ಇನ್ನೊಂದು ಹೆದರಿಕೆ 1990ರ ದಶಕದ ತೇಗದ ಕಂಪನಿಗಳದ್ದು. ಇಷ್ಟು ಸಾವಿರ ಕೊಡಿ, ಇಪ್ಪತ್ತು ವರ್ಷಕ್ಕೆ ಇಷ್ಟು ಲಕ್ಷ ಎಂದು ಬಣ್ಣದ ಪ್ರಮಾಣಪತ್ರ ಕೊಟ್ಟು ಹೋದರು. 1999ರಲ್ಲಿ ಸೆಬಿ ಇಂಥ ಯೋಜನೆಗಳಿಗೆ ನಿಯಮ ಮಾಡುವ ಹೊತ್ತಿಗೆ ದುಡ್ಡೂ ಇರಲಿಲ್ಲ, ತೇಗವೂ ಇರಲಿಲ್ಲ. ಆ ಪ್ರಮಾಣಪತ್ರ ಇವತ್ತಿಗೂ ಕೆಲವು ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನೀನು ಹೋಗಿ 'ಮಹಾಗನಿ ಹಾಕಿ, ಎಕರೆಗೆ ಕೋಟಿ ಬರುತ್ತದೆ' ಎಂದರೆ ಯಜಮಾನರಿಗೆ ಮೊದಲು ನೆನಪಾಗುವುದು ಆ ಪೆಟ್ಟಿಗೆಯೇ.

ಇದಕ್ಕಿಂತ ಆಳದ ಭಯ ಇನ್ನೊಂದಿದೆ, ಗೇಣಿಯ ಭಯ. 1974ರ ಭೂಸುಧಾರಣೆಯಲ್ಲಿ ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ಹಾಕಿ ಜಮೀನು ಪಡೆದವರೂ ಇಲ್ಲಿದ್ದಾರೆ, ಕಳೆದುಕೊಂಡವರೂ ಇದ್ದಾರೆ. ಬೇರೆಯವನಿಗೆ ಹೊಲದ ಉಸ್ತುವಾರಿ ಕೊಟ್ಟರೆ ಏನಾಗಬಹುದು ಎಂಬುದನ್ನು ಯಾರೂ ಇವರಿಗೆ ಪಾಠ ಹೇಳಬೇಕಾಗಿಲ್ಲ. ಪಹಣಿಯ ಕಾಲಂ 9ರಲ್ಲಿ ಒಡೆಯನ ಹೆಸರು, ಕಾಲಂ 12ರಲ್ಲಿ ಸಾಗುವಳಿ ಮಾಡುವವನ ಹೆಸರು. 'ಹನ್ನೆರಡು ವರ್ಷ ನಾವೇ ನೋಡಿಕೊಳ್ಳುತ್ತೇವೆ' ಎಂದು ನೀನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೀ. ಕೇಳಿದವರ ತಲೆಯಲ್ಲಿ ಓಡುವುದು, ಈ ಹುಡುಗನ ಹೆಸರು ಎಲ್ಲಿಯಾದರೂ ಕಾಲಂ 12ಕ್ಕೆ ಬಂದುಬಿಟ್ಟರೆ ಎಂಬ ಯೋಚನೆ. ಬಾಯಿಬಿಟ್ಟು ಹೇಳುವುದಿಲ್ಲ. 'ನೋಡುವಾ, ಮಗನ ಹತ್ತಿರ ಕೇಳ್ತೆ' ಎನ್ನುತ್ತಾರೆ. ಆ ಮಾತು ಬಂತೆಂದರೆ ಅವತ್ತಿನ ಮಟ್ಟಿಗೆ ಮಾತು ಮುಗಿಯಿತು, ಎದ್ದು ಬಾ.

ಆದ್ದರಿಂದ ನಿನ್ನ ಒಪ್ಪಂದದ ಕಾಗದ ಕನ್ನಡದಲ್ಲಿರಲಿ, ಒಂದೇ ಹಾಳೆಯಲ್ಲಿ ಮುಗಿಯಲಿ. ಜಮೀನಿನ ಸ್ವಾಧೀನ ಮತ್ತು ಸಾಗುವಳಿ ಎಂದೆಂದೂ ಮಾಲೀಕರದ್ದೇ, ನಮ್ಮದು ಕೂಲಿಯ ಕೆಲಸ ಎಂದು ಮೊದಲ ಸಾಲಿನಲ್ಲೇ ಬರೆ. ಲೀಸು, ಗೇಣಿ, ಪಾಲು ಎಂಬ ಶಬ್ದ ಅಪ್ಪಿತಪ್ಪಿಯೂ ಬೇಡ. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ನಮ್ಮ ರಾಜ್ಯದ ಕಾನೂನಿನಲ್ಲಿ ಆಸ್ಪದ ಇಲ್ಲವೆನ್ನುವಷ್ಟು ಕಡಿಮೆ. ಕೆಲಸಕ್ಕೆ ಇಷ್ಟು, ಸಸಿಗೆ ಇಷ್ಟು ಎಂದು ಆಯಾ ವರ್ಷಕ್ಕೆ ಲೆಕ್ಕ ಚುಕ್ತಾ ಮಾಡು. ಮರ ಕಡಿದಾಗ ಪಾಲು ಕೊಡಿ ಎನ್ನುವವನನ್ನು ಊರು ನಂಬುವುದಿಲ್ಲ. ನಂಬದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಹುಡುಕುವ ವಿಷಯ. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿದರೆ ಯಾರ ಪಹಣಿ ಬೇಕಾದರೂ ಕಾಣುತ್ತದೆ. ದಿಶಾಂಕ್ ಆ್ಯಪ್ ಹಿಡಿದು ಒಂದು ಬೇಣದ (ತೋಟಕ್ಕೆ ಹೊಂದಿದ ಹುಲ್ಲುನೆಲದ) ನಡುವೆ ನಿಂತರೆ ನಿಂತ ಜಾಗದ ಸರ್ವೆ ನಂಬರನ್ನೇ ಹೇಳುತ್ತದೆ. ನಿನ್ನ ವಯಸ್ಸಿನವರು ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಪಹಣಿಯಲ್ಲಿರುವ ಹೆಸರಿನ ಮನುಷ್ಯ ತೀರಿಕೊಂಡು ಮೂವತ್ತು ವರ್ಷ ಆಗಿರಬಹುದು. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಸತ್ತವರ ಹೆಸರಿನಲ್ಲೇ ಉಳಿದ ಖಾತೆಗಳ ರಾಶಿಯೇ ಹೊರಬಿತ್ತು. ಪೌತಿ ಖಾತೆ ಆಗಿರುವುದಿಲ್ಲ, ಆಗಿದ್ದರೆ ಅಣ್ಣತಮ್ಮಂದಿರು ಅಕ್ಕತಂಗಿಯರು ಸೇರಿ ಏಳು ಹೆಸರು ಜಂಟಿ ಇರುತ್ತದೆ, ಪೋಡಿ ಆಗಿರುವುದಿಲ್ಲ. ಒಂದೇ ಒಂದು ಸಾಗವಾನಿ ಕಡಿಯಬೇಕೆಂದರೂ ಅಷ್ಟೂ ಜನರ ಒಪ್ಪಿಗೆ ಬೇಕು. ಪಹಣಿ ನೋಡಿಯೇ ಹೋಗು, ಆದರೆ ನೋಡಿದ್ದೇನೆ ಎಂದು ಜಗುಲಿಯ ಮೇಲೆ ಕೂತು ಹೇಳಬೇಡ. 'ನಿಮಗೆ ಸರ್ವೆ ನಂಬರ್ ಇಂಥದ್ದರಲ್ಲಿ ನಾಲ್ಕೆಕರೆ ಹತ್ತು ಗುಂಟೆ ಇದೆಯಲ್ಲ' ಎಂದು ಅಪರಿಚಿತ ಹುಡುಗ ಬಾಯಿ ತೆಗೆದರೆ ಯಾರಿಗೆ ದಿಗಿಲಾಗುವುದಿಲ್ಲ? ಇನ್ನು, ಯಾವುದೋ ಕಚೇರಿಯಿಂದ ರೈತರ ಫೋನ್ ನಂಬರಿನ ಪಟ್ಟಿ ಕೊಡಿಸುತ್ತೇನೆ ಎಂದು ಯಾರಾದರೂ ಬಂದರೆ ಆ ಸಹವಾಸವೇ ಬೇಡ. ಅದು ಕಾನೂನಿಗೂ ಸಲ್ಲ, ಹಾಗೆ ಫೋನ್ ಮಾಡಿದವನಿಗೆ ಕೆಲಸವೂ ಸಿಗುವುದಿಲ್ಲ.

ನನ್ನನ್ನು ಕೇಳಿದರೆ ಮೊದಲು ಕೊನೆಗೌಡನನ್ನು ಹಿಡಿ. ಅಡಿಕೆ ಕೊನೆ ಇಳಿಸುವ, ಮದ್ದು ಹೊಡೆಯುವ ಆ ಮನುಷ್ಯನಿಗೆ ಯಾರ ತೋಟದ ತಲೆಗೆ ಎಷ್ಟು ಬೇಣ ಹಾಳುಬಿದ್ದಿದೆ, ಯಾರ ಮಗ ಬೆಂಗಳೂರು ಸೇರಿದ, ಯಾರಿಗೆ ಆಳು ಸಿಗದೆ ಬೇಜಾರು ಬಂದಿದೆ ಎಂಬುದೆಲ್ಲ ಗೊತ್ತು. ಅವನ ಜೊತೆ ಒಮ್ಮೆ ಚಹಾ ಕುಡಿದರೆ ನಿನ್ನ ನಕಾಶೆ ಹೇಳದ್ದು ತಿಳಿಯುತ್ತದೆ. ಪಂಪ್‌ಸೆಟ್ ರಿಪೇರಿಯವನು, ಸಾಮಿಲ್ಲಿನ ರೈಟರು, ಹಾಲಿನ ಡೇರಿಯ ಕಾರ್ಯದರ್ಶಿ ಇವರೂ ಬೇಕಾದವರೇ. ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಅಲ್ಲಿ ಭಾಷಣಕ್ಕೆ ಅವಕಾಶ ಕೇಳಬೇಡ, ಊಟದ ಪಂಕ್ತಿಯಲ್ಲಿ ಕೂರು. ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ವಿತರಣೆ ನಡೆಯುವಾಗ ಹೋಗಿ ನಿಲ್ಲು. ಅಲ್ಲಿ ಟ್ರ್ಯಾಕ್ಟರ್ ತಂದು ಸಸಿ ಹೇರಿಸುವವನು ಮರ ನೆಡಲು ಆಗಲೇ ಮನಸ್ಸು ಮಾಡಿದವನು. ಅವನಿಗೆ ಮರದ ಮಹಿಮೆ ಹೇಳುವ ಕೆಲಸ ಉಳಿದಿಲ್ಲ, ಸಸಿ ಉಳಿಸಿಕೊಡುವ ಕೆಲಸವಷ್ಟೇ ಇದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ನಡೆದುಬಂದಿದೆ. ಬದುಕಿದ ಪ್ರತಿ ಸಸಿಗೆ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನ ಉಂಟು. ಅದರ ಅರ್ಜಿಯನ್ನು ವಲಯ ಕಚೇರಿಗೆ ಕೊಟ್ಟು, ಬದುಕಿದ ಗಿಡ ಎಣಿಸುವ ದಿನ ಜೊತೆಗೆ ನಿಂತು, ದುಡ್ಡು ಅವರ ಖಾತೆಗೆ ಬರುವ ಹಾಗೆ ಮಾಡಿಕೊಡು. ನಿನಗೆ ಅದರಲ್ಲಿ ಗಿಟ್ಟುವುದು ಅಷ್ಟಕ್ಕಷ್ಟೇ. ಆದರೆ ಮರುವರ್ಷ ಅದೇ ಮನೆಯವರು ಅಳಿಯನ ಊರಿನಿಂದ ಫೋನ್ ಮಾಡಿಸುತ್ತಾರೆ.

ಹೋಗುವ ಕಾಲವನ್ನೂ ನೋಡಿಕೋ. ಕೊನೆಕೊಯ್ಲು ಹಿಡಿದ ಮೇಲೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವವರೆಗೆ ಯಾವ ಮನೆಯಲ್ಲೂ ನಿನ್ನ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ. ಮದ್ದು ಹೊಡೆಯುವಾಗಲೂ ಅಷ್ಟೇ, ಮಳೆ ಬಿಟ್ಟ ಎರಡು ದಿನ ಅವರಿಗೆ ಚಿನ್ನ. ಕೊಯ್ಲು ಮುಗಿದು ಯುಗಾದಿಯ ಆಚೀಚೆ ಹೋಗು. ಗುಂಡಿ ತೆಗೆಯಲು ಮಳೆಗೆ ಮುಂಚೆ ಇನ್ನೂ ಸಮಯವಿರುತ್ತದೆ.

ಉಡುಪೂ ಮುಖ್ಯ, ನಗಬೇಡ. ಖಾಕಿ ಬಣ್ಣದ ಪ್ಯಾಂಟು ಹಾಕಬೇಡ, ಇಲಾಖೆಯವನೆಂದು ತಿಳಿದು ಒಳಗಿನಿಂದಲೇ 'ಯಜಮಾನರು ಪೇಟೆಗೆ ಹೋಗಿದ್ದಾರೆ' ಎನ್ನುತ್ತಾರೆ. ಜಿಪಿಎಸ್ ಯಂತ್ರ ಕೈಯಲ್ಲಿ ಹಿಡಿದು ಊರೊಳಗೆ ತಿರುಗಬೇಡ. 2013ರಲ್ಲಿ ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಬಂದಾಗಿನಿಂದ ಈ ಘಟ್ಟದ ಹಳ್ಳಿಗಳಲ್ಲಿ ಅಳತೆ ಮಾಡುವವರನ್ನು ಕಂಡರೆ ಜನ ಗುಂಪುಗೂಡುತ್ತಾರೆ.

ಜಗುಲಿ ಹತ್ತಿದ ಮೇಲೆ ಅವಸರ ಮಾಡಬೇಡ. ಕಾಲು ತೊಳೆಯಲು ನೀರು ತೋರಿಸುತ್ತಾರೆ, ಕುಡಿಯಲು ನೀರು ಬೆಲ್ಲ ಬರುತ್ತದೆ. ಆಮೇಲೆ 'ಯಾವೂರಾತು, ಯಾರ ಮನೆ' ಎಂದು ಕೇಳುತ್ತಾರೆ. ಅದು ನಿನ್ನ ಸಂದರ್ಶನ ಎಂದು ತಿಳಿ. ಅಪ್ಪನ ಹೆಸರು, ಅಜ್ಜನ ಮನೆ, ಕಾಲೇಜು, ಇಲ್ಲಿಯವರೆಗೆ ಯಾರ ಜಮೀನಿನಲ್ಲಿ ಕೆಲಸ ಮಾಡಿದ್ದೀ ಎಲ್ಲ ನೇರವಾಗಿ ಹೇಳು. ಕವಳದ ತಟ್ಟೆ ಮುಂದೆ ಸರಿಯುವವರೆಗೆ ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ. ತಟ್ಟೆ ಸರಿದ ಮೇಲೂ ಅದನ್ನು ತೆಗೆಯುವ ಬದಲು 'ಬೇಣದ ಕಡೆ ಒಂದು ಸುತ್ತು ಹೋಗಿ ಬರುವಾ' ಎನ್ನು. ಯಜಮಾನರು ಕತ್ತಿ ಸಿಕ್ಕಿಸಿಕೊಂಡು ಮುಂದೆ ನಡೆಯುತ್ತಾರೆ. ದಾರಿಯಲ್ಲಿ ಅವರೇ ಬೇಲಿ ಸವರುತ್ತಾರೆ, ಗಡಿಕಲ್ಲಿನ ಮೇಲೆ ಕಾಲಿಡುತ್ತಾರೆ, ಪಕ್ಕದವನು ಒತ್ತಿಕೊಂಡ ಎರಡು ಮೊಳದ ಕಥೆ ಹೇಳುತ್ತಾರೆ. ಕೇಳಿಸಿಕೋ. ಯಾವ ಮರದ ಹತ್ತಿರ ನಿಂತು ತೊಗಟೆ ತಟ್ಟುತ್ತಾರೆ ನೋಡಿಕೋ. ಮಗಳ ಮದುವೆಗೆ, ಮನೆಯ ಮಾಡಿಗೆ ಎಂದು ಅವರು ಮನಸ್ಸಿನಲ್ಲೇ ಎತ್ತಿಟ್ಟ ಮರ ಅದು. ಮಾತು ಅಲ್ಲಿಂದ ಶುರುವಾಗಲಿ. ಹೆಕ್ಟೇರು ಎನ್ನಬೇಡ, ಎಕರೆ ಗುಂಟೆ ಎನ್ನು. ಮೂರು ಮೀಟರ್ ಅಂತರಕ್ಕೆ ಎಕರೆಗೆ ಸುಮಾರು ನಾನೂರಾ ಐವತ್ತು ಗಿಡ ಎಂದರೆ ಅರ್ಥವಾಗುತ್ತದೆ. ಸುತ್ತಳತೆಯನ್ನು ಇಂಚಿನಲ್ಲಿ ಹೇಳು.

ಮನೆಯ ಹೆಂಗಸರನ್ನು ಮರೆತು ಬರಬೇಡ. ತೋಟಕ್ಕೆ ಸೊಪ್ಪು ಸಾಲದು, ಕೊಟ್ಟಿಗೆಗೆ ದರಕು (ಒಣಗಿದೆಲೆ) ಇಲ್ಲ, ಬೇಸಿಗೆಯಲ್ಲಿ ಬಾವಿ ತಳ ಕಂಡಿತು ಎಂಬುದು ಅವರಿಗೆ ಗೊತ್ತಿರುವಷ್ಟು ಯಜಮಾನರಿಗೆ ಗೊತ್ತಿರುವುದಿಲ್ಲ. ಬೇಣದ ತುಂಬ ಒಂದೇ ಜಾತಿಯ ಮರ ಹಾಕಿಸುವ ಯೋಜನೆಯನ್ನು ಅಡುಗೆಮನೆಯ ಬಾಗಿಲಿನಿಂದ ಬಂದ ಒಂದೇ ಮಾತು ನಿಲ್ಲಿಸಿಬಿಡಬಲ್ಲದು. ಮುರುಗಲು, ಉಪ್ಪಾಗೆ, ವಾಟೆ ನಾಲ್ಕು ಸಾಲು ಇರಲಿ ಎಂದು ನೀನೇ ಮೊದಲು ಹೇಳು. ಮರ ಕಡಿಯುವವರೆಗೆ ಕಾಯದೆ ವರ್ಷವರ್ಷವೂ ಕೈಗೆ ಬರುವ ಫಸಲು ಅದು.

ಕೆಲಸ ಒಪ್ಪುವ ಮುನ್ನ ಜಾಗದ ಜಾತಕ ನೋಡಲೇಬೇಕು. ಮಾಲ್ಕಿಯೋ, ಮಂಜೂರಿಯಾದದ್ದೋ, ಸೊಪ್ಪಿನ ಬೆಟ್ಟವೋ, ಬಗರ್‌ಹುಕುಂ ಅರ್ಜಿ ಹಾಕಿ ಕೂತ ಜಾಗವೋ ಕೇಳು. ಸೊಪ್ಪಿನ ಬೆಟ್ಟವನ್ನು ಮೂರು ತಲೆಮಾರು ಕಾಪಾಡಿದವರು ಅದನ್ನು 'ನಮ್ಮ ಬೆಟ್ಟ' ಎಂದೇ ಹೇಳುತ್ತಾರೆ. ಸೊಪ್ಪು ತರುವ ಹಕ್ಕು ಅವರದು, ನೆಲ ಅವರದಲ್ಲ. ಅಲ್ಲಿ ನೀನು ಸಾಗವಾನಿ ನೆಟ್ಟುಕೊಟ್ಟರೆ ಕಡಿಯುವ ಕಾಲಕ್ಕೆ ಅವರೂ ಅಳಬೇಕು, ನೀನೂ ತಲೆತಪ್ಪಿಸಿಕೊಳ್ಳಬೇಕು. ಕೊಡಗಿನ ಕಡೆ ಹೋದರೆ ಬಾಣೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಅಲ್ಲಿಯೂ ಇದೇ ಎಚ್ಚರ ಬೇಕು. 1976ರ ಮರಗಳ ಸಂರಕ್ಷಣಾ ಕಾಯ್ದೆಯನ್ನು ಪರೀಕ್ಷೆಗೆ ಓದಿದ್ದೀಯಲ್ಲ, ಈಗ ಮತ್ತೊಮ್ಮೆ ಓದು. ಸಿಲ್ವರ್ ಓಕ್, ಗಾಳಿಮರದಂಥವುಗಳ ಕಟಾವಿಗೆ ಅನುಮತಿಯ ಗೋಜಿಲ್ಲ, ಬೀಟೆ ಹೊನ್ನೆಗಳಿಗೆ ಉಂಟು, ಸಾಗಿಸಲು ರಹದಾರಿ ಬೇಕು. ಇಷ್ಟನ್ನು ರೈತನಿಗೆ ಅರ್ಥವಾಗುವ ಹಾಗೆ ಹೇಳಬಲ್ಲವನು ತಾಲೂಕಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ನಿನ್ನ ನಿಜವಾದ ಸರಕು ಇದೇ ಎನ್ನುತ್ತೇನೆ. ಸಸಿಯನ್ನು ಯಾರು ಬೇಕಾದರೂ ಮಾರುತ್ತಾರೆ.

ಊರು ಬಿಟ್ಟವರ ಜಮೀನು ಈಗ ಬಹಳಷ್ಟಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಬೇಸಾಯದ ಹಿನ್ನೆಲೆ ಇಲ್ಲದ ಪೇಟೆಯವರೂ ಕೊಳ್ಳಬಹುದಾಯಿತು, ತುಮಕೂರು ಚಿತ್ರದುರ್ಗದ ಬಯಲಿನಲ್ಲೂ ಇಂಥ ಗಿರಾಕಿಗಳಿದ್ದಾರೆ. ಊರು ಬಿಟ್ಟವರನ್ನು ಬೆಂಗಳೂರಿಗೆ ಹುಡುಕಿಕೊಂಡು ಹೋಗಬೇಡ. ಚೌತಿ, ದೀಪಾವಳಿ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆ ಜಾತ್ರೆಗೆ ಅವರಾಗಿಯೇ ಬರುತ್ತಾರೆ. ಅವರಿಗೆ ಪ್ರತಿ ತಿಂಗಳೂ ಅದೇ ಗಡಿಕಲ್ಲಿನ ಹತ್ತಿರ ನಿಂತು ತೆಗೆದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸು. ಸತ್ತ ಗಿಡದ ಫೋಟೊವನ್ನೂ ಕಳಿಸು. ಆದರೆ ಊರಿನಲ್ಲಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ತಿಳಿಸದೆ ಒಂದು ಗುಂಡಿಯನ್ನೂ ತೆಗೆಸಬೇಡ. ದುಡ್ಡು ಕೊಡುವವನು ದೂರದಲ್ಲಿದ್ದರೂ ದನ ಬಿಡುವವರು, ಬೆಂಕಿ ಆರಿಸುವವರು ಇಲ್ಲೇ ಇರುವವರು.

ಕೊನೆಗೆ ಒಂದು ಕೋರಿಕೆ. ಹೆಬ್ಬೇವಿಗೆ ಪ್ಲೈವುಡ್ ಕಾರ್ಖಾನೆ ಎಷ್ಟು ದೂರ, ಲಾರಿ ಬಾಡಿಗೆ ಕಳೆದರೆ ರೈತನ ಕೈಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಹಾಕದೆ ಯಾರಿಗೂ ಹೆಬ್ಬೇವು ಹಾಕಿಸಬೇಡ. ಅಗರು, ರಕ್ತಚಂದನ ಎಂದು ಹೊಸ ಹೆಸರು ಬಂದಾಗಲೆಲ್ಲ ಮೊದಲು ಕೊಳ್ಳುವವನನ್ನು ತೋರಿಸಿ ಎಂದು ನೀನೇ ಕೇಳು. ಬೆಲೆ ಎಷ್ಟು ಬರಬಹುದು ಎಂದು ಯಜಮಾನರು ಕೇಳಿದರೆ ಇವತ್ತಿನ ದರ ಹೇಳಿ ಸುಮ್ಮನಾಗು, ಹದಿನೈದು ವರ್ಷದ ಮುಂದಿನ ದರ ಹೇಳಬೇಡ. ಈ ಮಳೆಗಾಲಕ್ಕೆ ಒಂದೆರಡು ಎಕರೆಯ ಒಂದೇ ಕೆಲಸ ಹಿಡಿದು, ಗಿಡ ಬದುಕಿಸಿ, ಚುಕ್ತಾ ಲೆಕ್ಕ ಕೊಡು. ಆ ಬೇಣ ರಸ್ತೆಯ ಪಕ್ಕದಲ್ಲೇ ಇರಲಿ, ಹೋಗಿ ಬರುವವರೆಲ್ಲ ನೋಡಲಿ.