ಹಳೆಯ ಮೋಟಾರ್ ಸೈಕಲ್ಲಿನ ಅಸಲುತನ

ಜಪಾನಿನ ಯಮಹಾ ಸಂಸ್ಥೆಯ ಆರ್‌ಎಕ್ಸ್ ೧೦೦ ಮೋಟಾರ್ ಸೈಕಲ್ಲು ಭಾರತದಲ್ಲಿ ೧೯೮೫ರಿಂದ ೧೯೯೬ರವರೆಗೆ ತಯಾರಾಯಿತು. ಇಂಥದೊಂದು ವಾಹನವು ರಾಯಚೂರು, ಮಾನ್ವಿ ಅಥವಾ ದೇವದುರ್ಗದಲ್ಲಿ ಹರಾಜಿಗೆ ಬಂದಿತೆನ್ನೋಣ. ಹೊಳಪನ್ನು ನೋಡಿ ಬೆಲೆ ಕಟ್ಟಬಹುದೆ? ಸಲ್ಲದು. ಬಣ್ಣವನ್ನು ಎಂದಾದರೂ ಬಳಿಯಬಹುದು. ಕಾರ್ಖಾನೆಯಿಂದ ಹೊರಟಾಗಿನ ಎಂಜಿನ್ನೂ ಚಾಸಿಯೂ ಇಂದಿಗೂ ಜೊತೆಯಾಗಿದ್ದರೆ ಮಾತ್ರ ಹೆಚ್ಚಿನ ಬೆಲೆ ನ್ಯಾಯವಾದುದು. ಆದುದರಿಂದ ಅವುಗಳ ಮೇಲೆ ಒತ್ತಿರುವ ಸಂಖ್ಯೆಗಳನ್ನು ನಾವು ನೋಂದಣಿ ಪತ್ರದೊಡನೆ ಹೋಲಿಸಬೇಕು.

ಕಳ್ಳನು ಚಾಸಿಯ ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸಿದ್ದರೆ? ಅಚ್ಚಿನ ಪೆಟ್ಟಿಗೆ ಉಕ್ಕಿನ ಹರಳುಗಳು ಮೇಲ್ಮೈಯಲ್ಲಷ್ಟೇ ಅಲ್ಲ, ಅದರ ಕೆಳಗೂ ವಿರೂಪಗೊಂಡಿರುತ್ತವೆ. ಅರವು ಅಷ್ಟು ಆಳಕ್ಕೆ ಇಳಿದಿರದಿದ್ದರೆ, ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರಿದಾಗ ಆ ಭಾಗವು ಸುತ್ತಲಿನ ಲೋಹಕ್ಕಿಂತ ಭಿನ್ನವಾಗಿ ಕರಗಿ, ಹಳೆಯ ಅಂಕಿ ಮಸುಕಾಗಿ ಮೂಡುತ್ತದೆ. ನ್ಯಾಯವಿಜ್ಞಾನದ ಪ್ರಯೋಗಾಲಯಗಳಲ್ಲಿ ಕಳವಿನ ವಾಹನಗಳನ್ನು ಗುರುತಿಸಲು ಈ ವಿಧಾನವೂ ಬಳಕೆಯಲ್ಲಿದೆ. ಸಂಖ್ಯೆಗಳನ್ನು ಪರೀಕ್ಷಿಸದೆ ಹರಾಜಿನಲ್ಲಿ ಬೆಲೆ ಕೂಗುವುದು ವಿವೇಕವಲ್ಲ.