ಮಳೆಗಾಲ ಕಳೆದ ಮೇಲೆ ಹೌಸಿಂಗ್ ಆಯಿಲ್

ಮಂಗಳೂರಿನಲ್ಲಿ ಗಾಡಿ ಇಟ್ಟುಕೊಂಡವರು ಎಂಜಿನ್ ಆಯಿಲನ್ನು ಮರೆಯುವುದಿಲ್ಲ. ಮರೆತರೂ ಸರ್ವಿಸ್ ಸ್ಟೇಷನ್ನಿನಿಂದ ಫೋನ್ ಬರುತ್ತದೆ. ಗೇರ್ ಬಾಕ್ಸಿನ ಎಣ್ಣೆಗೆ, ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಎಣ್ಣೆಗೆ ಆ ಭಾಗ್ಯವಿಲ್ಲ. ಗ್ಯಾರೇಜಿನವರು ಹೌಸಿಂಗ್ ಆಯಿಲ್ ಎಂದು ಕರೆಯುವ ಈ ಎರಡನೆಯದನ್ನಂತೂ ವರ್ಷಗಟ್ಟಲೆ ಯಾರೂ ತೆರೆದು ನೋಡುವುದಿಲ್ಲ. ಹಳೆಯ ಮಾರುತಿ ಜಿಪ್ಸಿಯೊಂದನ್ನು ಕೊಂಡು, ಅದರ ಎಣ್ಣೆಗಳನ್ನೆಲ್ಲ ಮನೆಯಂಗಳದಲ್ಲೇ ಬದಲಿಸುತ್ತ ಬಂದ ಮೇಲೆ ನನಗೆ ಖಚಿತವಾದ ಮಾತೊಂದಿದೆ: ನಮ್ಮ ಊರಿನಲ್ಲಿ ಈ ಎಣ್ಣೆಗಳ ಆಯುಸ್ಸನ್ನು ತೀರ್ಮಾನಿಸುವುದು ಮಳೆ. ಕಿಲೋಮೀಟರಿನ ಲೆಕ್ಕ ಆಮೇಲಿನದು.

ಜಿಪ್ಸಿಯನ್ನು ಸ್ಪೋರ್ಟ್ಸ್ ಕಾರು ಎಂದರೆ ಕೆಲವರು ಒಪ್ಪಲಿಕ್ಕಿಲ್ಲ. ನಾನು ಹಾಗೇ ಕರೆಯುತ್ತೇನೆ. 1985ರ ಕೊನೆಗೆ ಒಂದು ಲೀಟರಿನ ಪುಟ್ಟ ಎಂಜಿನ್ ಹೊತ್ತು ಬಂದ ಈ ಗಾಡಿಗೆ 1996ರಲ್ಲಿ 1.3 ಲೀಟರಿನ ಎಂಜಿನ್ ಸಿಕ್ಕಿತು. ಅಲ್ಲಿಂದ ಮುಂದೆ ದೇಶದ ರಾಲಿಗಳಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ಕೆಸರು ದಾರಿಗಳಲ್ಲಿ ಅದು ಓಡಿದ ಓಟವನ್ನು ನೋಡಿದವರು ಮರೆಯುವುದಿಲ್ಲ. ರಾಲಿಯ ಹುಚ್ಚು ನಮ್ಮ ಕರಾವಳಿಗೂ ಉಂಟು. ರಾಲಿ ಚಾಲಕ ಗೌರವ್ ಗಿಲ್ ಪಕ್ಕದಲ್ಲಿ ಕೂತು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ನ್ಯಾವಿಗೇಟರ್ ಮೂಸಾ ಶರೀಫ್ ಕಾಸರಗೋಡಿನವರು.

ಆಲ್ಟೋ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಅಲ್ಲಿ ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಗೂಡಿನಲ್ಲಿದ್ದು, ಒಂದೇ ಎಣ್ಣೆಯಲ್ಲಿ ಮೀಯುತ್ತವೆ. ಜಿಪ್ಸಿಯಲ್ಲಿ ಹಾಗಲ್ಲ. ಗೇರ್ ಬಾಕ್ಸಿಗೆ ಒಂದೂಕಾಲು ಲೀಟರಿನಷ್ಟು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕೇಸಿಗೆ ಮುಕ್ಕಾಲಿನ ಮೇಲೆ ಸ್ವಲ್ಪ, ಮುಂದಿನ ಹೌಸಿಂಗಿಗೆ ಎರಡು, ಹಿಂದಿನದಕ್ಕೆ ಒಂದೂವರೆ. ಒಟ್ಟು ಐದೂವರೆ ಲೀಟರಿನ ಆಸುಪಾಸು. ನಾಲ್ಕು ಕಡೆ ತುಂಬುವ ಬೋಲ್ಟ್, ನಾಲ್ಕು ಕಡೆ ಇಳಿಸುವ ಬೋಲ್ಟ್.

ನನಗೆ ಈ ಕೆಲಸ ಕಲಿಸಿದವರು ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಅವರು ಮೊದಲು ಹೇಳಿದ್ದೇ ಇದು: "ಮೇಲಿನ ಬೋಲ್ಟ್ ಮೊದಲು ಬಿಡಿಸಿ ಮಾರಾಯ್ರೆ. ಕೆಳಗಿನದ್ದು ತೆಗೆದು ಎಣ್ಣೆ ಪೂರಾ ಇಳಿಸಿದ ಮೇಲೆ ಮೇಲಿನದ್ದು ಬರ್ಲಿಲ್ಲ ಅಂತಾದ್ರೆ ಗಾಡಿ ಅಂಗಳದಲ್ಲೇ ಬಾಕಿ." ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಕೆಸರು ಇಷ್ಟೂ ಸೇರಿ ನಮ್ಮಲ್ಲಿ ಬೋಲ್ಟುಗಳು ಹಿಡಿಯುವ ಪರಿ ಘಟ್ಟದ ಮೇಲಿನವರಿಗೆ ಅಂದಾಜಾಗದು. ಹಿಂದಿನ ದಿನ ರಾತ್ರಿಯೇ ಬೋಲ್ಟಿನ ಸುತ್ತ ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡುತ್ತೇನೆ. ಬೆಳಿಗ್ಗೆ ಸರಿಯಾದ ಅಳತೆಯ ಸಾಕೆಟ್ ಹಾಕಿ, ಉದ್ದ ಹಿಡಿಯಿಂದ ನಿಧಾನವಾಗಿ ತಿರುಗಿಸಿದರೆ ಬರುತ್ತದೆ. ಅಳತೆ ಸರಿಯಿಲ್ಲದ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ.

ನೀರಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಒಂದು ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್ಲಿನಲ್ಲೋ ರಸ್ತೆ ಮುಳುಗುವುದು ನಮಗೆ ಹೊಸತಲ್ಲ. ಹೆದ್ದಾರಿಯಲ್ಲಿ ದೂರ ಓಡಿ ಬಂದ ಗಾಡಿಯ ಹೌಸಿಂಗ್ ಚೆನ್ನಾಗಿ ಬಿಸಿಯಾಗಿರುತ್ತದೆ. ಅದು ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಕುಗ್ಗಿದಷ್ಟನ್ನು ಹೊರಗಿನಿಂದ ಎಳೆದುಕೊಳ್ಳುತ್ತದೆ. ಗಾಳಿಯಾಡಲೆಂದು ಹೌಸಿಂಗಿನ ಮೇಲೆ ಬ್ರೀದರ್ ಎಂಬ ಸಣ್ಣ ದಾರಿ ಇರುತ್ತದೆ. ಅದು ನೀರಿನಡಿ ಇದ್ದರೆ ಒಳಬರುವುದು ನೀರು. ಬ್ರೀದರಿಗೆ ಕೆಸರು ಮೆತ್ತಿ ಮುಚ್ಚಿದ್ದರೆ ಸವೆದ ಸೀಲಿನ ಅಂಚಿನಿಂದ ನುಗ್ಗುತ್ತದೆ. ಮುಳುಗಿದ ರಸ್ತೆಯನ್ನು ಎಂಜಿನ್ ನಿಲ್ಲಿಸದೆ ದಾಟಿದ ಖುಷಿಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ನಾನು ಕೊಂಡ ಗಾಡಿಯ ಹಿಂದಿನ ಹೌಸಿಂಗಿನಿಂದ ಮೊದಲ ಸಲ ಇಳಿದದ್ದು ಹಾಲು ಹಾಕಿದ ಕಾಫಿಯ ಬಣ್ಣದ ದ್ರವ. ನೀರು ಬೆರೆತ ಎಣ್ಣೆಯ ಬಣ್ಣವೇ ಅದು. ಆ ಮಿಶ್ರಣ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ. ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಮತ್ತು ಪಿನಿಯನ್ ಸವೆದು ಕೂಗಲು ಶುರುಮಾಡುತ್ತವೆ. ಕೂಗು ಕೇಳಿಸಿದ ಮೇಲೆ ಎಣ್ಣೆ ಬದಲಿಸಿ ಪ್ರಯೋಜನ ಕಡಿಮೆ. ಪುಣ್ಯಕ್ಕೆ ನನ್ನದು ಇನ್ನೂ ಕೂಗುತ್ತಿರಲಿಲ್ಲ. ಕಡಿಮೆ ಬೆಲೆಯ ಹೊಸ ಎಣ್ಣೆ ತುಂಬಿ, ಸ್ವಲ್ಪ ದೂರ ಓಡಿಸಿ, ಇಳಿಸಿ, ಮತ್ತೆ ತುಂಬಿ, ಹೀಗೆ ಬಣ್ಣ ತಿಳಿಯಾಗುವವರೆಗೆ ಮಾಡಿದೆ. ಆಮೇಲೆ ಬ್ರೀದರಿಗೆ ರಬ್ಬರ್ ಪೈಪ್ ಜೋಡಿಸಿ, ಅದರ ಬಾಯಿಯನ್ನು ನೀರು ಮುಟ್ಟದಷ್ಟು ಎತ್ತರಕ್ಕೆ ಕಟ್ಟಿದೆ. ಈ ಪೈಪಿಗೆ ಆದ ಖರ್ಚು ಒಂದು ಲೀಟರ್ ಗೇರ್ ಆಯಿಲಿನಷ್ಟೂ ಇಲ್ಲ. ಕರಾವಳಿಯಲ್ಲಿ ಜಿಪ್ಸಿ, ಥಾರ್, ಬೊಲೆರೊ ಓಡಿಸುವ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ.

ಇಳಿಸುವ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಮೆತ್ತಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಬೇಕು. ನುಣ್ಣಗಿನ ಬೂದು ಬಣ್ಣದ ಮೆತ್ತು ಸಹಜ ಸವೆತ. ಚೂರು, ಚಕ್ಕೆ ಸಿಕ್ಕಿದರೆ ಮಾತ್ರ ಹೌಸಿಂಗ್ ಬಿಚ್ಚಬಲ್ಲವರ ಹತ್ತಿರ ಹೋಗಬೇಕು. ಇದು ಮನೆಯಂಗಳದ ಕೆಲಸ ಅಲ್ಲ. ಮುಂದಿನ ಚಕ್ರದ ಒಳಬದಿಗೆ ಎಣ್ಣೆ ಹರಿದ ಗುರುತಿದ್ದರೂ ಹಾಗೆಯೇ. ಜಿಪ್ಸಿಯಲ್ಲಿ ಆಕ್ಸಲ್ ಸೀಲ್ ಸೋತರೆ ಹೌಸಿಂಗಿನ ಎಣ್ಣೆ ಚಕ್ರದ ಗೆಣ್ಣಿನೊಳಗಿನ ಗ್ರೀಸನ್ನು ಕರಗಿಸಿಕೊಂಡು ಹೊರಬರುತ್ತದೆ.

ಅಂಗಡಿಯಲ್ಲಿ ಎಚ್ಚರ ಬೇಕಾದದ್ದು ಎಣ್ಣೆಯ ಹೆಸರಿನಲ್ಲಿ. ನಮ್ಮಲ್ಲಿ ಎಲ್ಲರೂ ಕೇಳುವುದು "ತೊಂಬತ್ತು ನಂಬರ್ ಆಯಿಲ್". ತೊಂಬತ್ತು ಎಂಬುದು ಎಣ್ಣೆಯ ದಪ್ಪವನ್ನು ಮಾತ್ರ ಹೇಳುತ್ತದೆ. ಡಬ್ಬಿಯ ಮೇಲೆ ಎಣ್ಣೆಯ ದರ್ಜೆ ಜಿಎಲ್-4 ಎಂದಿದೆಯೋ ಜಿಎಲ್-5 ಎಂದಿದೆಯೋ ನೋಡಬೇಕು. ಹೌಸಿಂಗಿನೊಳಗೆ ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಿರುವ ಜಿಎಲ್-5 ಬೇಕು. ಗೇರ್ ಬಾಕ್ಸಿನಲ್ಲಿ ಇರುವುದು ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ಉಂಗುರಗಳು. ಅವೇ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನಬಲ್ಲವು. ಜಾರಿಕೆ ಹೆಚ್ಚಾದರೆ ಉಂಗುರಕ್ಕೆ ಹಿಡಿತವೂ ತಪ್ಪಿ ಗೇರ್ ಕಚ್ಚುವುದು ಕಷ್ಟವಾಗುತ್ತದೆ. ಒಂದೇ ಡಬ್ಬಿಯನ್ನು ನಾಲ್ಕೂ ಕಡೆ ಸುರಿಯುವ ಅಭ್ಯಾಸ ಬಹಳ ಗ್ಯಾರೇಜುಗಳಲ್ಲಿದೆ. ಗಾಡಿಯ ಪುಸ್ತಕ ಏನು ಹೇಳುತ್ತದೋ ಅದನ್ನೇ ಹಾಕಿಸಿ. ರಾಲಿಗೆಂದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂರಿಸಿದ್ದರೆ ಅದನ್ನು ತಯಾರಿಸಿದವರು ಹೇಳಿದ ಎಣ್ಣೆಯೇ ಆಗಬೇಕು.

ತುಂಬುವ ಕೆಲಸಕ್ಕೆ ಸಮತಟ್ಟು ನೆಲ ಬೇಕು. ಎಣ್ಣೆ ತುಂಬುವ ತೂತಿನ ಅಂಚಿಗೆ ಬಂದು ಹೊರಚೆಲ್ಲಲು ಶುರುವಾದರೆ ಮಟ್ಟ ಸರಿಯಾಯಿತು ಎಂದು ಲೆಕ್ಕ. ಗಾಡಿ ವಾಲಿ ನಿಂತಿದ್ದರೆ ಈ ಲೆಕ್ಕ ತಪ್ಪುತ್ತದೆ. ಕದ್ರಿ, ಬಿಜೈ, ಕುಲಶೇಖರ, ಎಲ್ಲಿ ನೋಡಿದರೂ ಏರು ತಗ್ಗೇ ಇರುವ ಈ ಊರಿನಲ್ಲಿ ಸಮತಟ್ಟು ಅಂಗಳವೂ ಒಂದು ಸೌಕರ್ಯವೇ. ಜಿಪ್ಸಿಯ ಎತ್ತರ ಇಲ್ಲಿ ದೊಡ್ಡ ಉಪಕಾರ. ಜಾಕ್ ಹಾಕಿ ಎತ್ತುವ ಅಗತ್ಯವೇ ಇಲ್ಲ, ಚಕ್ರಕ್ಕೆ ಅಡೆ ಇಟ್ಟು ಕೆಳಗೆ ನುಗ್ಗಬಹುದು. ತಗ್ಗಾದ ಕಾರುಗಳನ್ನು ಎತ್ತಲೇಬೇಕು. ಆಗ ಸ್ಟ್ಯಾಂಡ್ ಇಲ್ಲದೆ ಯಾರೂ ಕೆಳಗೆ ಹೋಗಬಾರದು. ಹಿತ್ತಿಲಿನಲ್ಲಿ ಬಿದ್ದಿರುವ ಮುರಕಲ್ಲನ್ನು ಆಧಾರಕ್ಕೆ ಇಡುವುದನ್ನು ಕಂಡಿದ್ದೇನೆ. ಗೋಡೆ ಕಟ್ಟಲು ಅದು ಒಳ್ಳೆಯ ಕಲ್ಲು. ಗಾಡಿಯ ಭಾರ ಒಂದೇ ಬಿಂದುವಿಗೆ ಬಿದ್ದರೆ ಪುಡಿಯಾಗುತ್ತದೆ, ಅಡಿಯಲ್ಲಿದ್ದವರ ಜೀವ ಹೋಗುತ್ತದೆ.

ಬಜಪೆ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ ಮೇಲೆ ಇಳಿಸಿದರೆ ಹಳೆಯ ಎಣ್ಣೆ ತೆಳ್ಳಗಾಗಿ ಬೇಗ ಬಸಿಯುತ್ತದೆ. ಹೊಸ ಎಣ್ಣೆಯ ಡಬ್ಬಿಯನ್ನು ಅಷ್ಟರಲ್ಲಿ ಬಿಸಿಲಿಗೆ ಇಟ್ಟಿರುತ್ತೇನೆ. ಕೈಪಂಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉದ್ದ ಪೈಪಿಗೆ ಆಲಿಕೆ ಸಿಕ್ಕಿಸಿ ಮೇಲಿನಿಂದ ಸುರಿದರೂ ಇಳಿಯುತ್ತದೆ. ಬೋಲ್ಟಿಗೆ ಹೊಸ ವಾಷರ್ ಬೇಕು. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಮ್ಮಿನದಾದ್ದರಿಂದ ಅಲ್ಲಿ ಬಲಪ್ರಯೋಗ ಬೇಡ. ಕೈಗವಸು ಹಾಕಿಕೊಳ್ಳಿ, ಹಳೆಯ ಎಣ್ಣೆಯ ಗಂಧಕದ ವಾಸನೆ ಸೋಪಿಗೆ ಸುಲಭವಾಗಿ ಬಿಡುವುದಿಲ್ಲ.

ಇನ್ನು ಇಳಿಸಿದ ಎಣ್ಣೆ. ಬೇಲಿಯ ಗೂಟಕ್ಕೆ ಒರಲೆ ಹಿಡಿಯದಂತೆ ಬಳಿಯುವುದು, ಗುಂಡಿಯ ನೀರಿಗೆ ಸೊಳ್ಳೆ ಸಾಯಲೆಂದು ಸುರಿಯುವುದು ನಮ್ಮಲ್ಲಿ ಹಳೆಯ ರೂಢಿ. ಇದನ್ನು ನಿಲ್ಲಿಸಬೇಕು. ನಗರಕ್ಕೆ ತುಂಬೆಯಿಂದ ನೇತ್ರಾವತಿಯ ನೀರು ಬಂದರೂ ಎಷ್ಟೋ ಮನೆಗಳು ಇಂದಿಗೂ ಬಾವಿಯ ನೀರನ್ನೇ ಕುಡಿಯುತ್ತವೆ. ನಮ್ಮ ಮುರಕಲ್ಲಿನ ನೆಲ ತೂತು ತೂತಾದದ್ದು. ಅಂಗಳದಲ್ಲಿ ಚೆಲ್ಲಿದ್ದು ಮಳೆನೀರಿನ ಜೊತೆ ಇಳಿದು ನಮ್ಮದೋ ಪಕ್ಕದ ಮನೆಯದೋ ಬಾವಿಗೆ ಸೇರಬಹುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ. ನಾನು ಇಳಿಸುವಾಗ ಅಗಲ ತಟ್ಟೆಯ ಅಡಿಗೆ ಮರದ ಹುಡಿ ಹರಡುತ್ತೇನೆ. ಹಳೆಯ ಎಣ್ಣೆಯನ್ನು ಹೊಸದರ ಖಾಲಿ ಡಬ್ಬಿಗೇ ತುಂಬಿಸಿ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಎಣ್ಣೆ ಕೊಡುವ ಗ್ಯಾರೇಜಿನ ಡ್ರಮ್ಮಿಗೆ ಮುಟ್ಟಿಸುತ್ತೇನೆ. ಕೇಳಿದರೆ ಗ್ಯಾರೇಜಿನವರು ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ.

ಎಲ್ಲರೂ ಎಣ್ಣೆಯನ್ನು ತಾವೇ ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹೌಸಿಂಗಿನ ಮೇಲಿನ ಬೋಲ್ಟ್ ತೆಗೆದು, ಕಿರುಬೆರಳು ಹಾಕಿ, ಎಣ್ಣೆಯ ಬಣ್ಣ ನೋಡಿ. ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಕಿಲೋಮೀಟರ್ ಎಷ್ಟಾಯಿತೆಂದು ಲೆಕ್ಕ ಹಾಕುತ್ತ ಕೂರದೆ ಅಂದೇ ಬದಲಿಸಿ.